ಕಾಣದ ಸರಪಳಿ ಅಂಗಿ

ಕಾನ್ಸ್ಟಾಂಟಿನೋಪಲ್‌ನ ಆಯುಧಶಾಲೆಯ ನಿಯಮದಂತೆ ಸಾಮ್ರಾಜ್ಯದ ಪ್ರತಿಯೊಬ್ಬ ಸೈನಿಕನೂ ಮೂರು ಪದರ ತೊಟ್ಟಿರುತ್ತಾನೆ: ಒಳಗೆ ಸರಪಳಿ ಅಂಗಿ, ಅದರ ಮೇಲೆ ತಗಡಿನ ಕವಚ, ಎಲ್ಲಕ್ಕೂ ಮೇಲೆ ಹತ್ತಿ ತುಂಬಿದ ನಿಲುವಂಗಿ. ಕೈಪಿಡಿಯಲ್ಲಿ ಹೀಗೆಂದು ಬರೆದಿದೆ. ಆದ್ದರಿಂದ ಹೀಗೆಯೇ ಇದೆ.

ನಿಲುವಂಗಿ ಹೊಲಿಯುವವಳು ನಾನು. ಒಳಗಿನ ಎರಡು ಪದರ ಆಯುಧಶಾಲೆಗೆ ಬರುವುದು ನಿಂತು ಹನ್ನೊಂದು ವರ್ಷವಾಗಿತ್ತು. ನನ್ನ ತಮ್ಮ ಬರ್ದಾಸ್ ಗಡಿಗೆ ಹೊರಟ ದಿನ ಅವನ ಮೈಮೇಲಿದ್ದದ್ದು ನನ್ನ ಹತ್ತಿಯೊಂದೇ.

ತಪಾಸಣಾಧಿಕಾರಿ ಪೋಥೋಸರನ್ನು ಕೇಳಿದೆ. "ಒಡೆಯಾ, ಇವನ ಸರಪಳಿ ಅಂಗಿ ಎಲ್ಲಿ?"

"ಒಳಗಿದೆ."

"ಒಳಗಿರೋದು ಪಕ್ಕೆಲುಬು. ಬಿಚ್ಚಿ ನೋಡಿ."

"ಬಿಚ್ಚಿದ್ರೆ ಅದು ಒಳಪದರ ಹೇಗಾಗುತ್ತೆ ತಾಯಿ?" ಅವರು ಗೋಡೆಯ ಮೇಲಿದ್ದ ಯೋಧಸಂತನ ಚಿತ್ರ ತೋರಿಸಿದರು. "ಅವನ ಸರಪಳಿ ಅಂಗಿ ಕಾಣುತ್ತಾ?"

"ಇಲ್ಲ."

"ಹಾಗಂತ ಸಂತ ಬರಿಮೈಲಿ ಯುದ್ಧಕ್ಕೆ ಹೋದ ಅಂತೀಯಾ? ನಾಲಿಗೆ ಬಿಗಿಹಿಡಿ."

"ಕೈಪಿಡಿ ನಾನೂ ಓದಿದ್ದೀನಿ. 'ಸಿಕ್ಕಿದರೆ ತೊಡತಕ್ಕದ್ದು' ಅಂತಿದೆ."

"ಓದೋಕೆ ನಿಂಗ್ಯಾರು ಕಲಿಸಿದ್ರು?"

"ಯಾರೂ ಇಲ್ಲ. ನಾನೇ ಕಲಿತೆ."

"ಅದಕ್ಕೇ ಬರೆದಿದ್ದನ್ನೇ ಓದ್ತೀಯ."

ಸಂಜೆಯೊಳಗೆ ಪ್ರಕಟಣೆ ಹೊರಟಿತು: "ಕಾಣದಿರುವುದೇ ಒಳಪದರ ಇರುವುದಕ್ಕೆ ಸಾಕ್ಷಿ. ನಿಲುವಂಗಿ ಬಿಚ್ಚುವವರು ಸಾಕ್ಷ್ಯ ನಾಶಪಡಿಸಿದ ತಪ್ಪಿಗಾಗಿ ಶಿಕ್ಷೆಗೆ ಗುರಿಯಾಗುವರು."

ಶರತ್ಕಾಲದಲ್ಲಿ ಬರ್ದಾಸ್ ಗಾಡಿಯಲ್ಲಿ ಮಲಗಿಕೊಂಡು ಬಂದ, ಪಕ್ಕೆಯಲ್ಲಿ ಬಾಣದ ತೂತು ಹೊತ್ತು. ಅವನನ್ನು ಸೇನೆಯಿಂದ ಬಿಡಿಸಿಕೊಳ್ಳಲು ನಾನು ಅವನನ್ನೇ ಪೋಥೋಸರ ಮುಂದೆ ನಿಲ್ಲಿಸಿದೆ.

"ಮೂರು ಪದರ ದಾಟಿ ಬಾಣ ಒಳಗೆ ಹೋಗೋದಿಲ್ಲ," ಅಂದರು. "ಇವನಿಗೆ ಗಾಯವಾಗಿಲ್ಲ."

"ಹಾಗಾದ್ರೆ ಈ ತೂತು?"

"ಅದು ನಿಲುವಂಗೀದು. ಹೊಲಿದವಳು ನೀನೇ ಅಲ್ವಾ?"

ಬರ್ದಾಸ್ ಪಕ್ಕೆ ಹಿಡಿದುಕೊಂಡ. "ಅಕ್ಕಾ, ಸಾಕು ಬಿಡೇ. ನಗು ಬಂದ್ರೆ ನೋಯುತ್ತೆ."

ಪೋಥೋಸರು ಬಗ್ಗಿ ತೂತಿನೊಳಗೆ ನೋಡಿದರು. "ಎದೆಗೆ ಸುತ್ತಿರೋದು ಏನು?"

"ಗಾಯದ ಪಟ್ಟಿ."

"ಎಷ್ಟು ಸುತ್ತು?"

"ಏಳು."

ಅವರು ಮನಸಾರೆ ಸಂತೋಷಪಟ್ಟು ದಾಖಲಿಸಿದರು: ನಾಲ್ಕನೆಯ ಪದರ.

ಇಡೀ ದಳದಲ್ಲಿ ನಾಲ್ಕು ಪದರದವನು ಬರ್ದಾಸ್ ಒಬ್ಬನೇ ಆದ್ದರಿಂದ, ವಸಂತದ ದಂಡಯಾತ್ರೆಯಲ್ಲಿ ಅವನನ್ನು ಮೊದಲ ಸಾಲಿನಲ್ಲಿ ನಿಲ್ಲಿಸಬೇಕೆಂದು ಆಜ್ಞೆಯಾಯಿತು. ಸೇನಾಪತಿ ಮೆಚ್ಚಿದರು. ಪಾದ್ರಿ ಹರಸಿದರು. ನೆರೆಹೊರೆಯವರು ಮೀನು, ಮದ್ಯ ತಂದು ಅಭಿನಂದಿಸಿದರು. ಉಳಿದ ಸೈನಿಕರು ತಮಗೂ ಆ ಪದರ ಬೇಕೆಂದು ಅರ್ಜಿ ಹಾಕಿದರು, ಮಂಜೂರಾಯಿತು.

ಈಗ ನಾನು ಗಾಯದ ಪಟ್ಟಿಗೆ ಬಟ್ಟೆ ಹರಿಯುತ್ತಿದ್ದೇನೆ. ನಿಯಮದಂತೆ ಪ್ರತಿಯೊಬ್ಬರಿಗೂ ಏಳು ಸುತ್ತು. ಬರ್ದಾಸನಿಗೆ ಎಂಟು.