ಯಾರಿಗೂ ಗೊತ್ತಿಲ್ಲದ ಗಂಟು

ಎಡಹುಬ್ಬು ಮುಗಿಸಿ ಬಲಹುಬ್ಬಿಗೆ ಹೊರಡುವಾಗ ಅವಳು ಹಲ್ಲಿನಲ್ಲಿ ಕಚ್ಚಿದ್ದ ದಾರ ಬಿಟ್ಟಳು. ಬಿಡಬಾರದಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಕನ್ನಡಿ ಇಟ್ಟುಕೊಂಡು ಪಾರ್ಲರ್ ನಡೆಸುವವಳಿಗೆ ಬಾಯಲ್ಲಿ ದಾರ ಇರುವಷ್ಟು ಹೊತ್ತೇ ಗುಟ್ಟು ಭದ್ರ.

"ಅಕ್ಕಾ, ಯಾರಿಗೂ ಹೇಳಬೇಡಿ. ಎದೆಯಲ್ಲೊಂದು ಗಂಟು ಕೈಗೆ ಸಿಕ್ತಿದೆ. ಎಡಗಡೆ."

ಕುರ್ಚಿಯಲ್ಲಿದ್ದ ಮಹಡಿ ಮನೆಯಾಕೆ ಕಣ್ಣು ಬಿಟ್ಟರು. "ಕ್ಯಾನ್ಸರ್ ಗಿನ್ಸರ್ ಆಗಿದ್ರೆ? ತೋರಿಸಿದ್ಯಾ?"

"ತೋರಿಸಿದ್ರೆ ಪರೀಕ್ಷೆ ಅಂತಾರೆ, ಆಮೇಲೆ ಆಪರೇಷನ್ ಅಂತಾರೆ. ಇನ್ಶೂರೆನ್ಸ್ ಇಲ್ಲದೆ ಆಸ್ಪತ್ರೆ ಮೆಟ್ಟಿಲು ಹತ್ತೋದು ಹೇಗಕ್ಕಾ?"

"ಇಲ್ದಿದ್ರೆ ಮಾಡಿಸ್ಕೋ. ಆದ್ರೆ ಗಂಟಿದೆ ಅಂತ ಗೊತ್ತಾದ್ರೆ ಯಾರೂ ಕೊಡಲ್ಲ. ಹಂಗಾಗಿ ನೀನು ಅದನ್ನ ಇನ್ನೂ ನೋಡೇ ಇಲ್ಲ, ತಿಳೀತಾ? ನನಗೆ ಗೊತ್ತಿರೋ ಏಜೆಂಟ್ ಒಬ್ಬನಿದ್ದಾನೆ. ಇವತ್ತೇ ಕರೆಸ್ತೀನಿ."

ಬಲಹುಬ್ಬು ಪೊದೆಯಂತೆ ಇರುವಾಗಲೇ ಅವರು ಎದ್ದು ಹೋದರು.

ಗಂಟಿನ ವಿಷಯ ಯಾರಿಗೂ ಗೊತ್ತಿಲ್ಲ ಎಂಬುದು ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿಗೆ ಗೊತ್ತಾಗಿತ್ತು. ಇಸ್ತ್ರಿ ಅಂಗಡಿಯವನು ಬಾಗಿಲಿಗೆ ಬಂದು, "ಅಕ್ಕಾ, ನನಗಂತೂ ಏನೂ ಗೊತ್ತಿಲ್ಲ" ಎಂದು ಪಿಸುಗುಟ್ಟಿ ಹೋದ. ನಿವೃತ್ತ ಮೇಷ್ಟ್ರು ಅವಳನ್ನು ಕೂರಿಸಿಕೊಂಡು ಏಜೆಂಟನ ಪರೀಕ್ಷೆಗೆ ತಯಾರು ಮಾಡಿದರು. "ಕೇಳಿದ್ದಕ್ಕಷ್ಟೇ ಉತ್ತರ. ಎದೆಗೆ ಕೈ ಅಡ್ಡ ಹಿಡಿದು ಕೂರಬೇಡಮ್ಮ, ಅನುಮಾನ ಬರುತ್ತೆ."

ಅವಳು ಕೈ ಇಳಿಸಿದಳು. ಸ್ನಾನದಲ್ಲಿ ಸೋಪು ಹಚ್ಚುವಾಗ ಗಂಟು ಸಿಕ್ಕಿದ ದಿನದಿಂದ ಆ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು, ಮಲಗಿಸಿದ ಮಗು ಎದ್ದಿದೆಯೋ ಎಂದು ಇಣುಕಿ ಬರುವ ಹಾಗೆ. ಇಷ್ಟು ಜನ ಬಂದು ಹೋದರೂ, ನಿನಗೆ ಭಯವಾಗುತ್ತಿದೆಯಾ ಎಂದು ಮಾತ್ರ ಯಾರೂ ಕೇಳಲಿಲ್ಲ.

ಸಂಜೆ ಏಜೆಂಟ್ ಬಂದ. ಕತ್ತಿಗೆ ಟೈ, ಹೆಗಲಿಗೆ ಚೀಲ, ಅಳೆದು ತೂಗಿ ನಗುವ ಮುಖ. ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಆರೋಗ್ಯ ಹೇಗಿದೆಯಮ್ಮ?"

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ನಮ್ಮ ಸೊಸೆ ಗುಂಡುಕಲ್ಲಿನ ಹಾಗಿದ್ದಾಳಪ್ಪ." ಮದುವೆಯಾದಾಗಿನಿಂದ ಅತ್ತೆ ಅವಳನ್ನು ಹೊಗಳಿದ್ದು ಇದೇ ಮೊದಲು.

"ನೆಗಡಿ ಕೂಡ ಇವಳನ್ನ ಕೇಳಿಕೊಂಡೇ ಬರೋದು" ಎಂದರು ಮೇಷ್ಟ್ರು.

ಕಿಟಕಿಯಾಚೆಯಿಂದ ಇಸ್ತ್ರಿಯವನು ತಲೆ ತೂರಿಸಿದ. "ಮೈಯಲ್ಲಿ ಎಲ್ಲೂ ಒಂದು ಗಂಟಿಲ್ಲ ಸಾರ್."

ಏಜೆಂಟನ ಪೆನ್ನು ನಿಂತಿತು. "ನಾನು ಗಂಟಿನ ಮಾತೇ ಎತ್ತಲಿಲ್ವಲ್ಲ?"

"ನಾವೂ ಅದನ್ನೇ ಹೇಳ್ತಿರೋದು" ಎಂದು ಮಹಡಿ ಮನೆಯಾಕೆ ರಕ್ಷಣೆಗೆ ಧಾವಿಸಿದರು. "ಅದರಲ್ಲೂ ಎಡಗಡೆ ಇಲ್ವೇ ಇಲ್ಲ."

ಏಜೆಂಟ್ ಪೆನ್ನು ಜೇಬಿಗೆ ಸಿಕ್ಕಿಸಿದ. "ಎಲ್ಲರೂ ಸ್ವಲ್ಪ ಹೊರಗಿರ್ತೀರಾ?"

ಎಲ್ಲರೂ ಕಿಟಕಿಯವರೆಗೆ ಹೊರಗೆ ಹೋದರು. ಏಜೆಂಟ್ ಆಚೀಚೆ ನೋಡಿ, ಮೇಜಿನ ಮೇಲಿದ್ದ ಹೇರ್ ಡ್ರೈಯರ್ ಚಾಲೂ ಮಾಡಿದ. ಆ ಗದ್ದಲದಲ್ಲಿ ಅವನ ಮಾತು ಅವಳೊಬ್ಬಳಿಗೇ ಕೇಳಿಸಿತು.

"ಪಾಲಿಸಿ ಬರೆಯೋಕಾಗಲ್ಲಮ್ಮ. ಬರೆದ್ರೂ ನೀವು ಆಸ್ಪತ್ರೆ ಸೇರಿದ ದಿನ ಕಂಪನಿಯವರು ಕೈ ಎತ್ತುತ್ತಾರೆ." ತಡೆದು ಕೇಳಿದ: "ನಿಮ್ಮದು ನೋಯುತ್ತಾ?"

"ಇಲ್ಲ."

"ನನ್ನ ಹೆಂಡತಿಗೂ ನೋಯಲ್ಲ. ಅವಳದು ಬಲಗಡೆ."

ಅವಳು ಅವನ ಮುಖ ನೋಡಿದಳು. "ನಿಮಗೇನು ಬಿಡಿ, ಇನ್ಶೂರೆನ್ಸ್ ಮನೆಯಲ್ಲೇ ಇದೆ."

"ಊರಿಗೆಲ್ಲಾ ಮಾಡಿಸಿದೆ. ನಮ್ಮದು ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ಹಾಗೇ ಉಳೀತು. ಈಗ ನನಗೆ ಗೊತ್ತಿರೋದ್ರಿಂದ ನಾನೇ ಬರೆಯೋ ಹಾಗಿಲ್ಲ." ಟೈ ಸಡಿಲ ಮಾಡಿಕೊಂಡ. "ನಮ್ಮಂಥವರು ಎಲ್ಲಿ ತೋರಿಸಬೇಕು ಅಂತ ನಿಮಗೇನಾದ್ರೂ ಗೊತ್ತಾ?"

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ಸರ್ಕಾರಿ ದೊಡ್ಡಾಸ್ಪತ್ರೇಲಿ ಬೆಳಗ್ಗೆ ಬೇಗ ಹೋಗಿ ಸಾಲು ನಿಂತ್ರೆ, ಇನ್ಶೂರೆನ್ಸ್ ಇಲ್ದಿದ್ರೂ ಎಲ್ಲರನ್ನೂ ನೋಡ್ತಾರಂತೆ."

"ಅಲ್ಲಿಗಾ? ಒಬ್ಬಳೇ ಹೋಗೋಕೆ ಹೆದರ್ತಾಳೆ. ಗಂಡಸಾಗಿ ನಾನು ಹೆಂಗಸರ ಸಾಲಲ್ಲಿ ನಿಲ್ಲೋಕಾಗುತ್ತಾ?"

ಅವಳು ಅವನ ಮನೆ ಎಲ್ಲಿ ಎಂದಷ್ಟೇ ಕೇಳಿಕೊಂಡು ಡ್ರೈಯರ್ ಆರಿಸಿದಳು. ಅವನು ಹೊರಟ ಕೂಡಲೇ ಕಿಟಕಿಯಲ್ಲಿದ್ದವರೆಲ್ಲ ಒಳಗೆ ನುಗ್ಗಿದರು.

"ಏನಂದ? ಆಯ್ತಾ?"

"ನೋಡೋಣ ಅಂದ."

"ನಾವು ಹೇಳಿದ ರೀತಿಗೆ ಆಗದೆ ಇರುತ್ತಾ?" ಎಂದು ಮೇಷ್ಟ್ರು ಬೀಗಿದರು. ಮಹಡಿ ಮನೆಯಾಕೆ ಕನ್ನಡಿಯಲ್ಲಿ ಬಲಹುಬ್ಬು ನೋಡಿಕೊಂಡು, "ನಾಳೆ ಬೆಳಗ್ಗೆ ಬರ್ಲಾ?" ಎಂದರು.

"ನಾಳೆ ಬೆಳಗ್ಗೆ ಇರಲ್ಲ ಅಕ್ಕಾ. ಒಬ್ಬಳು ಮದುಮಗಳಿಗೆ ಅಲಂಕಾರ ಮಾಡೋದಿದೆ. ಕತ್ತಲೆಗೇ ಅವಳ ಮನೆಗೆ ಹೋಗಿ ಕರ್ಕೊಂಡು ಹೊರಡಬೇಕು. ಪಾಪ, ತುಂಬಾ ಹೆದರಿದ್ದಾಳಂತೆ."