ಗುರಿ ತಂತ್ರಾಂಶದವರಿಗೆ, ಆರು ಮೆಟ್ಟಿಲುಗಳ ವಿಷಯವಾಗಿ

ಮಾನ್ಯ ಗುರಿ ನಿರ್ವಹಣಾ ತಂತ್ರಾಂಶದವರೇ,

ನಡಿಗೆ ಕಲಿಸುವ ನಮ್ಮ ಕೇಂದ್ರದ ನಡಿಗೆ ವಿಭಾಗದಿಂದ ತಮಗೆ ಅನಂತ ವಂದನೆಗಳು. ಇಲ್ಲಿ ನಾವೆಲ್ಲ ಕ್ಷೇಮ. ತಾವೂ ಕ್ಷೇಮವೆಂದು ಪರದೆಯ ಮೂಲೆಯಲ್ಲಿ ಉರಿಯುವ ಹಸಿರು ಚುಕ್ಕಿ ದಿನವೂ ತಿಳಿಸುತ್ತಿರುವುದರಿಂದ ಆ ಬಗ್ಗೆ ಪ್ರತ್ಯೇಕವಾಗಿ ವಿಚಾರಿಸುತ್ತಿಲ್ಲ. ತಮ್ಮ ಆರೋಗ್ಯ ಹೀಗೆಯೇ ಇರಲಿ, ತಮ್ಮ ಪಾಸ್‌ವರ್ಡು ನಮ್ಮ ನೆನಪಿನಲ್ಲಿರಲಿ ಎಂದು ಹಾರೈಸುತ್ತೇನೆ.

ಇದು ನಾನು ತಮಗೆ ಬರೆಯುತ್ತಿರುವ ನಾಲ್ಕನೆಯ ದೂರು. ಹಿಂದಿನ ಮೂರನ್ನು ತಾವು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬ ಧೈರ್ಯದಿಂದಲೇ ನಾನು ಅಷ್ಟು ಖಾರವಾಗಿ ಬರೆದಿದ್ದೆ. ತಾವು ಹಾಕಿಕೊಂಡಿರಿ. ಸೋಮವಾರ ಬೆಳಿಗ್ಗೆ ತಪ್ಪನ್ನೆಲ್ಲ ಸರಿಪಡಿಸುವುದಾಗಿ ನಿನ್ನೆ ಸಂದೇಶವನ್ನೂ ಕಳುಹಿಸಿದಿರಿ. ಈಗಿನ ದೂರು ಅದರ ಬಗ್ಗೆಯೇ, ಮತ್ತು ಅದನ್ನು ವಿವರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗಿರುವುದರಿಂದ ತಾವು ದಯವಿಟ್ಟು ಕುಳಿತುಕೊಳ್ಳಬೇಕು.

ತಾವು ಬರುವ ಮೊದಲು ನಮ್ಮ ಕೇಂದ್ರದ ವರ್ಷದ ಗುರಿಗಳೆಲ್ಲ ಒಂದೇ ಒಂದು ಸ್ಪ್ರೆಡ್‌ಶೀಟಿನಲ್ಲಿದ್ದವು, ಆ ಶೀಟು ನನ್ನ ಸುಪರ್ದಿಯಲ್ಲಿತ್ತು. ಅದರ ಬಗ್ಗೆ ಸುಳ್ಳು ಹೇಳಲಾರೆ. ಒಬ್ಬರು ತೆರೆದರೆ ಇನ್ನೊಬ್ಬರಿಗೆ ತೆರೆಯುತ್ತಿರಲಿಲ್ಲ. ಸ್ವಾಗತದ ಅಕ್ಕ ಅದನ್ನು ತೆರೆದಿಟ್ಟು ಊಟಕ್ಕೆ ಎದ್ದು ಹೋದರೆ ಇಡೀ ಸಂಸ್ಥೆ ಒಂದು ಗಂಟೆ ಗುರಿಯಿಲ್ಲದೆ ಕೂರುತ್ತಿತ್ತು. 'ಗುರಿಗಳು ಕೊನೆಯದು', 'ಗುರಿಗಳು ಇದೇ ಕೊನೆಯದು', 'ಇದನ್ನು ಮುಟ್ಟಬೇಡಿ' ಎಂಬ ಮೂರು ಪ್ರತಿಗಳಿದ್ದು, ಎಲ್ಲರೂ ಮುಟ್ಟುತ್ತಿದ್ದುದು ಮೂರನೆಯದನ್ನೇ. ಆದರೂ ಅದಕ್ಕೊಂದು ಕ್ರಮವಿತ್ತು. ಗೇಟಿನಿಂದ ಒಳಗೆ ನಡೆದು ಬಂದರೆ ಯಾವ ವಿಭಾಗ ಮೊದಲು ಎದುರಾಗುತ್ತದೋ ಅದೇ ಮೊದಲ ಸಾಲು: ಕಾವಲು, ವಾಹನ, ಸ್ವಾಗತ, ಅಡುಗೆಮನೆ, ತೋಟ, ಮರಗೆಲಸ, ಕೊನೆಯಲ್ಲಿ ನಾವು, ಅಂದರೆ ನಡಿಗೆ.

ಕಾವಲಿನವರ ಗುರಿ, ಬಂದವರನ್ನು ಬಿಸಿಲಿನಲ್ಲಿ ನಿಲ್ಲಿಸದೆ ಐದು ನಿಮಿಷದೊಳಗೆ ಒಳಗೆ ಸೇರಿಸುವುದು. ವಾಹನದವರದೂ ಸ್ವಾಗತದವರದೂ ಅದೇ ಆದ್ದರಿಂದ ಆ ಎರಡು ಸಾಲುಗಳಲ್ಲಿ ನಾನು 'ಮೇಲಿನಂತೆ' ಎಂದು ಹೊಡೆದಿದ್ದೆ. ಮರಗೆಲಸದವರ ಗುರಿ, ಅಭ್ಯಾಸಕ್ಕೆಂದು ಆರು ಮೆಟ್ಟಿಲು ಕಟ್ಟುವುದು, ಅದರಲ್ಲಿ ನಾಲ್ಕನೆಯದು ಉಳಿದವಕ್ಕಿಂತ ನಾಲ್ಕು ಬೆರಳು ಎತ್ತರ. ಅದರ ಕೆಳಗೆ ನಡಿಗೆ ವಿಭಾಗ: ಮೇಲಿನಂತೆ. ಅವರು ಕಟ್ಟುವುದು, ನಾವು ಹತ್ತಿಸುವುದು. ಓದುವವರಿಗೆ ಇಷ್ಟೂ ಗೊತ್ತಾಗುವುದಿಲ್ಲವೇ ಎಂದು ನಾನು ಅಂದುಕೊಂಡಿದ್ದೆ. ಎರಡು ಸಲ ಟೈಪು ಮಾಡಲು ಮೈಗಳ್ಳತನ ಎಂಬುದೇ ನಿಜವಾದ ಕಾರಣ. ಇದನ್ನು ನನ್ನ ಹಿಂದಿನ ಮೂರು ದೂರುಗಳಲ್ಲಿ ನಾನು ತಿಳಿಸಿರಲಿಲ್ಲ. ಅವುಗಳಲ್ಲಿ ತಪ್ಪೆಲ್ಲ ತಮ್ಮದೇ ಆಗಿತ್ತು. ಅದನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ತಾವು ಬಂದಿರಿ. ನಮ್ಮ ನಿರ್ದೇಶಕರು ತಮ್ಮನ್ನು ಹೊಸ ಅಳಿಯನನ್ನು ಕರೆತಂದಂತೆ ಕರೆತಂದು, ಸ್ವಾಗತದ ಗೋಡೆಯ ಮೇಲೆ ತಮಗೊಂದು ದೊಡ್ಡ ಪರದೆ ಹಾಕಿಸಿ, ಇನ್ನು ಮುಂದೆ ಯಾರೂ ಏನನ್ನೂ ನಿರ್ದೇಶಕರ ಬಳಿ ಬಾಯಿಮಾತಿನಲ್ಲಿ ಕೇಳಬಾರದೆಂದು ಹೇಳಿ ನಿರಾಳವಾದರು. ತಾವು ಮೊದಲ ಕೆಲಸವಾಗಿ ನಮ್ಮ ಏಳು ಸಾಲುಗಳನ್ನು ನುಂಗಿ, ಅವುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದಿರಿ. ಅಡುಗೆಮನೆ, ಕಾವಲು, ತೋಟ, ನಡಿಗೆ, ಮರಗೆಲಸ, ವಾಹನ, ಸ್ವಾಗತ. ನೋಡಲು ಎಷ್ಟು ಅಚ್ಚುಕಟ್ಟು! ಅನಂತರ ಎಲ್ಲೆಲ್ಲಿ 'ಮೇಲಿನಂತೆ' ಎಂದಿತ್ತೋ ಅಲ್ಲೆಲ್ಲ ಮೇಲಿನ ಸಾಲನ್ನು ಓದಿ, ಅದನ್ನೇ ತುಂಬಿ, ಒಂದು ಗುಂಡಿ ಕೂಡ ತಪ್ಪದಂತೆ ಹೊಲಿದು ಮುಗಿಸಿದಿರಿ. ಇಪ್ಪತ್ತೆರಡು ವರ್ಷ ಈ ಕೇಂದ್ರದಲ್ಲಿ ದುಡಿದ ನನಗೆ ಅಷ್ಟು ಅಚ್ಚುಕಟ್ಟು ಎಂದೂ ಬಂದಿಲ್ಲ.

ಹೀಗೆ ನನ್ನ ವಿಭಾಗದ ಮೇಲೆ ತೋಟದವರು ಬಂದು ಕೂತರು. ತೋಟದವರ ಗುರಿ ಬೇಲಿ ಗಿಡದ್ದು: ಎತ್ತರ ಎರಡು ಅಡಿ ಮೀರದಂತೆ ನೋಡಿಕೊಳ್ಳುವುದು, ಮೀರಿದ್ದನ್ನು ತಿಂಗಳಿಗೊಮ್ಮೆ ಕತ್ತರಿಸುವುದು. ಕಾಲು ಕಳೆದುಕೊಂಡು ಬಂದವರನ್ನು ಮತ್ತೆ ನಿಲ್ಲಿಸಿ ನಡೆಸುವ ನನಗೆ ತಾವು ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ, ನಗುವ ಮುಖದ ಚಿತ್ರದೊಂದಿಗೆ, ಇವತ್ತಿನ ಎತ್ತರವೆಷ್ಟು ಎಂದು ಕೇಳತೊಡಗಿದಿರಿ. ಸರ್ಕಾರಿ ಶಾಲೆಯಲ್ಲಿ ಓದಿದವನು ನಾನು, ಕೇಳಿದ್ದಕ್ಕೆ ಉತ್ತರ ಕೊಡದೆ ಇರಲಾರೆ. ನಡೆಯಲು ಬಂದವರದು ಸರಾಸರಿ ಐದು ಅಡಿ ನಾಲ್ಕು ಅಂಗುಲ ಎಂದು ತುಂಬಿದೆ. ತಾವು ಕೆಂಪಾದಿರಿ. ಗುರಿಗಿಂತ ಬಹಳ ಹಿಂದಿದ್ದೀರಿ, ದೊಡ್ಡದನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಮಾಡಿಕೊಂಡರೆ ಸುಲಭವಾಗುತ್ತದೆ ಎಂದು ಸಲಹೆಯನ್ನೂ ಕೊಟ್ಟಿರಿ. ಅದನ್ನು ಓದಿ ಹೇಳಿದ್ದಕ್ಕೆ ನಮ್ಮ ಅಭ್ಯಾಸದ ಕೋಣೆಯಲ್ಲಿ ಹಿಡಿಗಂಬಿ ಹಿಡಿದು ನಡೆಯುತ್ತಿದ್ದ ಒಂಬತ್ತು ಮಂದಿ ಬಿದ್ದು ಬಿದ್ದು ನಕ್ಕರು. ಒಬ್ಬರಂತೂ ನಿಜವಾಗಿಯೇ ಬಿದ್ದರು, ಪೆಟ್ಟಾಗಲಿಲ್ಲ.

ಇತ್ತ ಆರು ಮೆಟ್ಟಿಲು ಮರಗೆಲಸದಿಂದ ವಾಹನಕ್ಕೂ ವಾಹನದಿಂದ ಸ್ವಾಗತಕ್ಕೂ ಇಳಿದು ಹೋಗಿದ್ದವು. ಒಂದೇ ಗುರಿಗೆ ಮೂವರು ಯಜಮಾನರಿರುವುದು, ಇಬ್ಬರವರೆಗೆ ಮಾತ್ರ ಸಹಿಸುವ ತಮ್ಮ ಶಿಸ್ತಿಗೆ ಒಗ್ಗದೆ, ಮೂವರಲ್ಲಿ ಯಾರು ಎಂದು ತಾವು ಮೂರು ದಿನ ಕೇಳಿದಿರಿ. ಬಡಗಿಯಣ್ಣ ಫೋನನ್ನು ಉಳಿಪೆಟ್ಟಿಗೆಯಲ್ಲಿ ಇಟ್ಟು ಮರೆಯುವವನು. ಸ್ವಾಗತದ ಅಕ್ಕ ಅದು ತನಗಲ್ಲ ಅಂದುಕೊಂಡಳು. ಉಳಿದವನು ನಮ್ಮ ವ್ಯಾನಿನ ಚಾಲಕ. ಜನ್ಮದಲ್ಲಿ ಮೂವತ್ತರ ವೇಗ ದಾಟದ ಅವನನ್ನು ನಾವು ರಾಕೆಟ್ ಅಣ್ಣ ಎನ್ನುತ್ತೇವೆ. ಅವನು ಯಾವ ಸಂದೇಶ ಬಂದರೂ ಓದದೆ ಹೆಬ್ಬೆರಳು ಒತ್ತಿ ಕಳಿಸುವ ಮರ್ಯಾದಸ್ಥ. ಮೆಟ್ಟಿಲು ಅವನ ಪಾಲಾಯಿತು. ಬಡಗಿಯಣ್ಣನ ಮರದ ಅರ್ಜಿ 'ಇದು ನಿಮ್ಮ ಗುರಿಯಲ್ಲ' ಎಂಬ ಷರಾದೊಂದಿಗೆ ವಾಪಸು ಬಂತು, ಅವನ ಪುಟದಲ್ಲಿ ಒಂದು ಹೂವಿನ ಚಿತ್ರ ಹಾಕಿ, ನಿಮಗೆ ಯಾವ ಗುರಿಯೂ ಇಲ್ಲ, ದಿನವನ್ನು ಆನಂದಿಸಿ ಎಂದು ತಾವು ಬರೆದಿರಿ. ಅವನು ಅದನ್ನು ನನಗೆ ತಂದು ತೋರಿಸಿ, "ಮೇಷ್ಟ್ರೇ, ನಂಗೆ ಗುರಿನೇ ಇಲ್ವಂತೆ. ನನ್ನ ಹೆಂಡ್ತಿ ಇದನ್ನ ಕಂಡುಹಿಡಿಯೋಕೆ ಎಂಟು ವರ್ಷ ತಗೊಂಡ್ಲು, ಇದು ಮೂರೇ ದಿನಕ್ಕೆ ಹೇಳ್ಬಿಡ್ತಲ್ಲ!" ಎಂದು ತಮ್ಮನ್ನು ಬಾಯಿತುಂಬ ಹೊಗಳಿದ.

ಇಲ್ಲಿಯವರೆಗಿನದು ನಗುವ ವಿಷಯ. ಆದರೆ ಆ ಮೆಟ್ಟಿಲುಗಳನ್ನು ನಾವು ತಮಾಷೆಗೆ ಬಯಸಿದ್ದಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬೇಕಾಗಿದೆ.

ನಮ್ಮಲ್ಲಿ ಎರಡು ತಿಂಗಳಿಂದ ಒಬ್ಬ ಟೈಲರಮ್ಮ ಇದ್ದಾರೆ. ಮೊಣಕಾಲಿನ ಕೆಳಗೆ ಎಡಗಾಲು ಇಲ್ಲ, ಹೊಸ ಕಾಲಿಗೆ ಇನ್ನೂ ಪೂರ್ತಿ ಹೊಂದಿಕೊಂಡಿಲ್ಲ, ನಾಲಿಗೆ ಮಾತ್ರ ಹಳೆಯದೇ. ಅವರ ಹೊಲಿಗೆ ಅಂಗಡಿ ಒಂದು ಬೀದಿಯಲ್ಲಿ ಆರು ಮೆಟ್ಟಿಲು ಮೇಲಿದೆ. ಕಟ್ಟಿದವನು ಎಲ್ಲೋ ಲೆಕ್ಕ ತಪ್ಪಿ ನಾಲ್ಕನೆಯದನ್ನು ನಾಲ್ಕು ಬೆರಳು ಎತ್ತರ ಮಾಡಿದ್ದಾನೆ. ಹದಿನಾಲ್ಕು ವರ್ಷ ಅದನ್ನು ಲೆಕ್ಕಿಸದೆ ಹತ್ತಿಳಿದವರಿಗೆ ಈಗ ಅದೊಂದು ಗೋಡೆ. ಅವರ ಮೈದುನ ಗೋಡೆಗೆ ಬಣ್ಣ ಹೊಡೆಸುವ ಗುತ್ತಿಗೆದಾರ, ಅವನಿಗೆ ಡಬ್ಬ ಇಡಲು ಜಾಗ ಬೇಕು. ಈ ತಿಂಗಳು ಮುಗಿಯುವುದರೊಳಗೆ ಅತ್ತಿಗೆ ತಾನಾಗಿ ಅಂಗಡಿ ಹತ್ತಿದರೆ ಸರಿ, ಇಲ್ಲದಿದ್ದರೆ ಅಂಗಡಿ ಅವನಿಗೆ ಎಂದು ಮನೆಯಲ್ಲಿ ಎಲ್ಲರೂ ಕೂತು ತೀರ್ಮಾನ ಮಾಡಿದ್ದಾರೆ. ಅವನು ಬಲು ವಿನಯದ ಮನುಷ್ಯ. ನೋಡಲು ಬಂದಾಗಲೆಲ್ಲ, "ಅತ್ತಿಗೆ, ನೀವ್ಯಾಕೆ ಕಷ್ಟಪಡ್ತೀರಿ, ಮನೇಲೇ ಕೂತು ಹೊಲೀರಿ" ಎನ್ನುತ್ತಾನೆ. ಅವನು ಆಚೆ ಹೋದ ಮೇಲೆ ಟೈಲರಮ್ಮ ನನ್ನ ಕಡೆ ತಿರುಗಿ, "ಮನೇಲಿ ಕೂತ್ರೆ ನಾನು ಹೊಲಿಯೋದು ಇವನ ಪ್ಯಾಂಟಿನ ಗುಂಡಿ ಮಾತ್ರ" ಎನ್ನುತ್ತಾರೆ.

ಬಡಗಿಯಣ್ಣ ಆ ಬೀದಿಗೆ ಹೋಗಿ, ದಾರದಲ್ಲಿ ಗಂಟು ಹಾಕಿ ಪ್ರತಿ ಮೆಟ್ಟಿಲಿನ ಅಳತೆ ತಂದಿದ್ದ. ಅದೇ ಅಳತೆಯಲ್ಲಿ ನಮ್ಮ ಕೋಣೆಯಲ್ಲಿ ಮರದ ಮೆಟ್ಟಿಲು ಕಟ್ಟಿ, ಅವರನ್ನು ಅಭ್ಯಾಸ ಮಾಡಿಸುವುದು ನಮ್ಮ ಯೋಜನೆ. ದಾರ ಇವತ್ತಿಗೂ ಅವನ ಜೇಬಿನಲ್ಲಿದೆ, ಮರ ಬರಲಿಲ್ಲ. ನಿರ್ದೇಶಕರ ಬಳಿ ಹೋದರೆ ಅವರು ಕೈಯೆತ್ತಿ, "ಎಲ್ಲಾ ಅದ್ರಲ್ಲೇ ಹಾಕ್ಬಿಡಿ ಮೇಷ್ಟ್ರೇ, ನನ್ನ ಕೈಲಿ ಏನೂ ಇಲ್ಲ" ಎಂದರು. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಹಿಂದೆ ಕಂಡಿರಲಿಲ್ಲ. ನಾನು ತಮ್ಮಲ್ಲೇ ಹಾಕಿದೆ, ಮೂರು ಸಲ, ಆ ಮೂರು ದೂರುಗಳ ರೂಪದಲ್ಲಿ.

ಅಷ್ಟರಲ್ಲಿ ರಾಕೆಟ್ ಅಣ್ಣನಿಗೆ ತಾವು ದಿನವೂ ಆರು ಮೆಟ್ಟಿಲು ಎಲ್ಲಿಗೆ ಬಂತು ಎಂದು ಕೇಳಿ ಕೇಳಿ ಅವನ ಪ್ರಾಣ ಹಿಂಡಿದಿರಿ. ಅವನು ಮರ ಕೇಳೋಣವೆಂದು ನೋಡಿದರೆ, ವಾಹನ ವಿಭಾಗದವರು ತಮ್ಮಲ್ಲಿ ಕೇಳಬಹುದಾದದ್ದು ಮೂರೇ: ಡೀಸೆಲ್, ಟೈರ್, ಪ್ರಯಾಣ. ಡೀಸೆಲ್ಲಿನಿಂದಲೂ ಟೈರಿನಿಂದಲೂ ಮೆಟ್ಟಿಲು ಕಟ್ಟಲಾಗದು ಎಂದು ಅರ್ಧ ದಿನ ಯೋಚಿಸಿ, ಅವನು ಪ್ರಯಾಣ ಒತ್ತಿದ. ಉದ್ದೇಶ ಎಂಬಲ್ಲಿ 'ಆರು ಮೆಟ್ಟಿಲು' ಎಂದು ಬರೆದು, ಸ್ಥಳ ಎಂಬಲ್ಲಿ ಟೈಲರಮ್ಮನ ಬೀದಿಯ ವಿಳಾಸ ಹಾಕಿದ. ಗುರಿಗೆ ಇಷ್ಟು ನೇರವಾಗಿ ಹೊಂದುವ ಅರ್ಜಿಯನ್ನು ತಾವು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲವೇನೋ, ಕಣ್ಣು ಮಿಟುಕಿಸುವಷ್ಟರಲ್ಲಿ ಒಪ್ಪಿಗೆ ಕೊಟ್ಟಿರಿ. ಒಂದು ದಿನಕ್ಕಲ್ಲ, ಗುರಿ ಮುಗಿಯುವವರೆಗೆ, ದಿನಾ ಮಧ್ಯಾಹ್ನ ಮೂರಕ್ಕೆ!

ಮಾನ್ಯರೇ, ಇದಕ್ಕಿಂತ ಒಳ್ಳೆಯ ಕೆಲಸವನ್ನು ತಾವು ಮಾಡಿಲ್ಲ, ಇದೊಂದನ್ನು ತಾವು ತಿಳಿಯದೆ ಮಾಡಿದ್ದೀರಿ. ಕಳೆದ ಎಂಟು ದಿನಗಳಿಂದ ನಾವು ವ್ಯಾನಿನಲ್ಲಿ ಹೋಗುತ್ತಿದ್ದೇವೆ. ಟೈಲರಮ್ಮನ ಸೊಂಟಕ್ಕೆ ಪಟ್ಟಿ ಕಟ್ಟಿ ಅದರ ಹಿಡಿಯನ್ನು ನಾನು ಹಿಡಿದುಕೊಳ್ಳುತ್ತೇನೆ, ರಾಕೆಟ್ ಅಣ್ಣ ಕೆಳಗೆ ಎರಡೂ ಕೈ ಚಾಚಿ ನಿಲ್ಲುತ್ತಾನೆ. ಮರದ ನಕಲಿಗಿಂತ ಅಸಲು ಕಲ್ಲು ಎಷ್ಟೋ ವಾಸಿ ಎಂದು ಬಡಗಿಯಣ್ಣನೇ ಒಪ್ಪಿದ್ದಾನೆ. ಮೊದಲ ದಿನ ಒಂದು ಮೆಟ್ಟಿಲು, ಐದನೆಯ ದಿನಕ್ಕೆ ಮೂರು. ನಾಲ್ಕನೆಯದರ ಮುಂದೆ ಈಗ ಮೂರು ದಿನಗಳಿಂದ ನಿಂತಿದ್ದೇವೆ. ಹೊಸ ಕಾಲನ್ನು ಎತ್ತುತ್ತಾರೆ, ಅಂಚಿಗೆ ತಾಗುತ್ತದೆ, ಇಳಿಸುತ್ತಾರೆ. ಬೈಯುವುದಕ್ಕೆ ಯಾರೂ ಸಿಗದೆ ತಮ್ಮನ್ನು ಬೈಯುತ್ತಾರೆ, ನಾನು ತಡೆಯುವುದಿಲ್ಲ.

ಇಂಥ ಹೊತ್ತಿನಲ್ಲಿ ತಮ್ಮ ಸಂದೇಶ ಬಂತು. ತಪ್ಪು ಸಾಲುಗಳು ಪತ್ತೆಯಾಗಿವೆ, ಸೋಮವಾರದಿಂದ ಎಲ್ಲ ಗುರಿಗಳೂ ತಂತಮ್ಮ ವಿಭಾಗಕ್ಕೆ ಮರಳುತ್ತವೆ, ವಾಹನ ವಿಭಾಗಕ್ಕೆ ಸಂಬಂಧಿಸದ ಪ್ರಯಾಣಗಳು ತಾವಾಗಿಯೇ ರದ್ದಾಗುತ್ತವೆ, ದೂರು ನೀಡಿ ನಮ್ಮನ್ನು ಉತ್ತಮಗೊಳಿಸಿದ್ದಕ್ಕೆ ಕೃತಜ್ಞತೆಗಳು. ಕೆಳಗೆ ದೂರು ಕೊಟ್ಟವರೆಂದು ನನ್ನ ವಿಭಾಗದ ಹೆಸರು. ಅದನ್ನು ಓದಿದಾಗ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳುವಂತಾಯಿತು. ಬಡಗಿಯಣ್ಣನಿಗೆ ಗುರಿ ವಾಪಸು ಸಿಗುತ್ತದೆ, ಸಂತೋಷ. ಅವನ ಮರದ ಅರ್ಜಿ ಸರದಿಯಲ್ಲಿ ನಿಂತು ಮಂಜೂರಾಗಲು ಆರು ವಾರ ಎಂದು ತಾವೇ ತೋರಿಸುತ್ತಿದ್ದೀರಿ. ತಿಂಗಳು ಮುಗಿಯಲು ಇರುವುದು ಹನ್ನೆರಡು ದಿನ.

ಆದ್ದರಿಂದ ನನ್ನ ವಿನಂತಿ ಇಷ್ಟು. ತಾವು ಇನ್ನು ಹನ್ನೆರಡು ದಿನ ತಪ್ಪಾಗಿಯೇ ಇರಬೇಕು. ಇದು ತಮಗೆ ಕಷ್ಟವೆಂದು ಬಲ್ಲೆ. ಮನುಷ್ಯರಾದ ನಮಗೆ ಅಭ್ಯಾಸವಿರುವುದರಿಂದ ಬೇಕಾದರೆ ಹೇಳಿಕೊಡುತ್ತೇನೆ. ಹಾಗೆ ಇರಲು ಸಾಧ್ಯವೇ ಇಲ್ಲವೆಂದಾದರೆ, ತಿದ್ದುವ ಭರದಲ್ಲಿ ಆ ಬೀದಿಗೂ ಒಮ್ಮೆ ಹೋಗಿ ನಾಲ್ಕನೆಯ ಮೆಟ್ಟಿಲನ್ನೂ ನಾಲ್ಕು ಬೆರಳು ತಗ್ಗಿಸಿ ಬರಬೇಕು. ಅದೂ ಆಗದಿದ್ದರೆ ಈ ತಿಂಗಳನ್ನು ಆರು ವಾರ ಹಿಗ್ಗಿಸಬೇಕು. ಬೇಲಿ ಗಿಡದ ಗುರಿಯನ್ನು ನನ್ನ ತಲೆಯ ಮೇಲೆಯೇ ಇರಿಸಿ, ವರ್ಷಪೂರ್ತಿ ಕೆಂಪು ತೋರಿಸಿ, ನನ್ನ ಎತ್ತರವನ್ನೇ ಬೇಕಾದರೂ ಬರೆದುಕೊಳ್ಳಿ, ನನ್ನ ತಕರಾರಿಲ್ಲ. ಹಿಂದಿನ ಮೂರು ದೂರುಗಳನ್ನು ನಾನು ಈ ಮೂಲಕ ಹಿಂತೆಗೆದುಕೊಳ್ಳುತ್ತೇನೆ. ತಪ್ಪು ನನ್ನದು, ಮೈಗಳ್ಳತನ ನನ್ನದು, ತಾವು ನಾನು ಬರೆದದ್ದನ್ನೇ ಓದಿದಿರಿ. ಇದನ್ನು ಎಲ್ಲರೂ ನೋಡಲೆಂದೇ ಬಹಿರಂಗವಾಗಿ ಬರೆದು, ತಮ್ಮ ದೊಡ್ಡ ಪರದೆಯ ಪಕ್ಕದಲ್ಲಿ ಗೋಡೆಗೆ ಅಂಟಿಸಿದ್ದೇನೆ.

ಇಂತಿ,
ಹನ್ನೆರಡು ದಿನಗಳ ಮಟ್ಟಿಗೆ ಕಣ್ಣುಮುಚ್ಚಿ ತಮ್ಮನ್ನು ನಂಬಿರುವ
ತಮ್ಮ ವಿಶ್ವಾಸಿ,
ನಡಿಗೆ ವಿಭಾಗದ ಮೇಷ್ಟ್ರು

ಮರೆತ ಮಾತು: ಗೋಡೆಗೆ ಅಂಟಿಸಿ ಮಧ್ಯಾಹ್ನದ ಪ್ರಯಾಣ ಮುಗಿಸಿ ಬಂದು ಇದನ್ನು ಸೇರಿಸುತ್ತಿದ್ದೇನೆ. ಇವತ್ತು ನೋಡಿದರೆ ಐದನೆಯ ಮೆಟ್ಟಿಲಿನ ಮೇಲೆ ಮೈದುನನ ಎರಡು ಬಣ್ಣದ ಡಬ್ಬಗಳು ಆಗಲೇ ಬಂದು ಕೂತಿದ್ದವು. ಟೈಲರಮ್ಮ ಅವನ್ನು ಕೆಳಗಿನಿಂದ ಒಂದು ಗಳಿಗೆ ನೋಡಿದರು, ಮೂರು ಹತ್ತಿದರು, ಹೊಸ ಕಾಲನ್ನು ನಾಲ್ಕನೆಯದರ ಮೇಲೆ ಇಟ್ಟು ಎದ್ದು ನಿಂತರು, ನಿಂತು ಊರುಗೋಲಿನಿಂದ ಎರಡೂ ಡಬ್ಬಗಳನ್ನು ಬೀದಿಗೆ ಉರುಳಿಸಿದರು. ಒಂದು ರಾಕೆಟ್ ಅಣ್ಣನ ಪಾದದ ಮೇಲೆ ಬಿತ್ತು. ಅವನು ಕುಂಟುತ್ತಲೇ ಚಪ್ಪಾಳೆ ಹೊಡೆದ. ಆರರಲ್ಲಿ ನಾಲ್ಕು ಎಂದು ತುಂಬಿದ್ದಕ್ಕೆ ತಾವು ಹಳದಿ ಬಣ್ಣ ತೋರಿಸಿ 'ಪ್ರಗತಿ ಆತಂಕಕಾರಿ' ಎಂದಿದ್ದೀರಿ. ಟೈಲರಮ್ಮನಿಗೆ ಆತಂಕವೇನೂ ಕಾಣಲಿಲ್ಲ. "ಸೋಮವಾರ ಗಾಡಿ ಅರ್ಧ ಗಂಟೆ ಮೊದ್ಲೇ ತನ್ನಿ, ಅಂಗಡಿ ಗುಡಿಸ್ಬೇಕು" ಎಂದು ಹೇಳಿ ಮಲಗಲು ಹೋದರು. ಎರಡೂವರೆಗೆ ವ್ಯಾನು ಎಂದು ಅರ್ಜಿ ಹಾಕಿದ್ದೇವೆ. ಒಪ್ಪಿಗೆ ಕೊಡುವುದು ತಮ್ಮ ಕೈಯಲ್ಲಿದೆ. ಕೊಡದಿದ್ದರೆ ಅವರು ಬೈಯುವುದು ತಮಗೆ ಕೇಳಿಸುವ ಹಾಗೆ ಪರದೆಯ ಎದುರಿಗೇ ಕುರ್ಚಿ ಹಾಕಿ ಕೂರಿಸುತ್ತೇನೆ.