ಭಾವನ ಹದಿನಾಲ್ಕನೆಯ ಶಕ್ತಿ

ನನ್ನ ಭಾವನಿಗೆ, ಅಂದರೆ ನನ್ನ ಅಕ್ಕನ ಗಂಡನಿಗೆ, ಹದಿನಾಲ್ಕು ದಿವ್ಯಶಕ್ತಿಗಳಿವೆ. ಹದಿನಾಲ್ಕರಲ್ಲಿಯೂ ಭಾಷಾದೋಷವಿದೆ! ನಾನು ಹದಿಮೂರನ್ನು ಮಾತ್ರ ತಿದ್ದಿದ್ದೇನೆ.

ನಗಬೇಡಿ. ಇಪ್ಪತ್ತೊಂದು ವರ್ಷ ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ವ್ಯಾಕರಣ ಕಲಿಸಿದವಳು ನಾನು. ಮಕ್ಕಳಿಲ್ಲವೆಂದು ಆ ಶಾಲೆ ಮುಚ್ಚಿದ ಮೇಲೆ ತಿದ್ದುವುದಕ್ಕೆ ನನಗೆ ಉಳಿದವರು ಭಾವ ಒಬ್ಬರೇ. ಮೈಸೂರಿನಿಂದ ಕೆಲಸಕ್ಕೆಂದು ಬಂದ ದಿನದಿಂದಲೂ ಘಾಟ್ಕೋಪರಿನ ಅವರ ಮನೆಯಲ್ಲಿಯೇ ಇದ್ದೇನೆ. ಅಂದಮೇಲೆ ವಿದ್ಯಾರ್ಥಿ ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ಭಾವ ಉಡುಪಿಯ ಕಡೆಯವರು, ಸ್ಟೇಷನ್ನಿನ ಬಳಿಯ ಹೋಟೆಲೊಂದರಲ್ಲಿ ಮ್ಯಾನೇಜರು, ವಯಸ್ಸು ಐವತ್ತೆಂಟು. ಎರಡು ವರ್ಷಗಳ ಹಿಂದೆ ಒಂದು ಭಾನುವಾರ ಮಧ್ಯಾಹ್ನ ನಾಲ್ವರು ತರುಣ ತರುಣಿಯರು ಮೂಲೆಯ ಮೇಜನ್ನು ಹಿಡಿದು, ಒಂದೊಂದು ಲೋಟ ಕಾಫಿಯ ಬಲದ ಮೇಲೆ ಮೂರು ಗಂಟೆ ದಾಳ ಉರುಳಿಸುತ್ತ ಕುಳಿತರಂತೆ. ಅವರನ್ನು ಎಬ್ಬಿಸಲು ಭಾವ ಹೋದರು. ಹೋದವರು ಐದನೆಯವರಾಗಿ ಕುಳಿತುಬಿಟ್ಟರು!

ಅದೊಂದು ವಿಚಿತ್ರ ಆಟ. ಪ್ರತಿಯೊಬ್ಬರೂ ಒಂದೊಂದು ಪಾತ್ರವಾಗಿ, ಮಾತಿನಲ್ಲಿಯೇ ಕಾಡು ಗುಹೆಗಳನ್ನು ಸುತ್ತಿ, ಮಾತಿನಲ್ಲಿಯೇ ರಾಕ್ಷಸರೊಡನೆ ಕಾದಾಡಬೇಕು. ಏಟು ತಗುಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪಾತ್ರಕ್ಕೆ ಬೇಕಾದ ಯುದ್ಧಶಕ್ತಿಯನ್ನು ಆಟಗಾರನೇ ರಚಿಸಿಕೊಳ್ಳಬಹುದು. ಆದರೆ ಅದನ್ನು ಬರೆದು ತರಬೇಕು. ಮೇಲಾಗಿ ಪ್ರತಿ ಶಕ್ತಿಗೂ ಒಂದು ಬೆಲೆ ತೆರಬೇಕು. ಆಟ ನಡೆಸುವವಳು ಬಾಂದ್ರಾದ ಆಫೀಸೊಂದರಲ್ಲಿ ದುಡಿಯುವ ತರುಣಿ. ವಾಕ್ಯ ಏನು ಹೇಳುತ್ತದೆಯೋ ಅದೇ ನಡೆಯತಕ್ಕದ್ದು. ಬರೆದವನ ಮನಸ್ಸಿನಲ್ಲಿ ಏನಿತ್ತೆಂಬುದು ಆಕೆಗೆ ಬೇಕಿಲ್ಲ. ಎಂಥ ಶಿಸ್ತು! ಆಕೆ ನಾಲ್ಕನೆಯ ತರಗತಿಯವರೆಗೆ ಯಾರ ಶಿಷ್ಯೆಯಾಗಿದ್ದಳೆಂದು ಬೇರೆ ಹೇಳಬೇಕೆ?

ಭಾವನ ಪಾತ್ರ ಕಬ್ಬಿಣದ ಸಟ್ಟುಗ ಹಿಡಿದ ಒಬ್ಬ ಯೋಧ. ಮೊದಲನೆಯ ಶಕ್ತಿ, 'ದಿಟ್ಟಿಸುವಿಕೆ'. ಕಾಫಿ ಕುಡಿದು ಮುಗಿಸಿಯೂ ಏಳದ ಗಿರಾಕಿಯ ಮೇಲೆ ಮೂವತ್ತು ವರ್ಷ ಪ್ರಯೋಗಿಸಿ ಪಳಗಿಸಿದ ನೋಟವದು. 'ಇದಕ್ಕೆ ಸಿಲುಕಿದ ಶತ್ರು ಎದ್ದು ನಿಲ್ಲುತ್ತಾನೆ' ಎಂದು ಬರೆದಿದ್ದರು. ಗುಹೆಯಲ್ಲಿ ಮಹಾರಾಕ್ಷಸನ ಮೇಲೆ ಪ್ರಯೋಗಿಸಿದರು. ಅವನು ಎದ್ದು ನಿಂತ. ಅಷ್ಟೇ! ಅಲ್ಲಿಯವರೆಗೆ ಆ ಬಡಪಾಯಿ ತನ್ನ ಪಾಡಿಗೆ ಕುಳಿತಿದ್ದನಂತೆ.

ಎರಡನೆಯದು, ಜನ ತುಂಬಿದ ಲೋಕಲ್ ರೈಲಿನಿಂದ ಇಳಿಯುವವನ ಭುಜ. ಎಂಥ ಸೇನೆಯನ್ನಾದರೂ ಸೀಳಿಕೊಂಡು ಹೋಗುವ ಶಕ್ತಿ. ಪರೀಕ್ಷಿಸಿ ನೋಡಲೆಂದು ಬೆಳಗಿನ ಒಂಬತ್ತರ ನೂಕುನುಗ್ಗಲಿನಲ್ಲಿ ಲೋಕಲ್ ಹತ್ತಿ ಇಳಿದು, ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು. ಅದೇ ಕಾಲಿನಲ್ಲಿ ಕುಳಿತು ಬರೆದರು: 'ಬೆಲೆ: ಬಳಸಿದವನು ಒಂದು ಚಪ್ಪಲಿ ಕಳೆದುಕೊಳ್ಳತಕ್ಕದ್ದು.'

ನಾನು ಈ ಯುದ್ಧಕ್ಕೆ ಇಳಿದದ್ದು ಮೂರನೆಯ ಶಕ್ತಿಯಿಂದ. ಮೇಜು ಒರೆಸುವ ಬಟ್ಟೆಯ ಬೀಸು. 'ಒದ್ದೆ ಬಟ್ಟೆಯಿಂದ ಹೊಡೆದು ಬಿದ್ದವನು ಮೂರು ಸರದಿ ಏಳುವಂತಿಲ್ಲ' ಎಂದು ಬರೆದುಕೊಂಡು ಹೋಗಿ, ಗಟ್ಟಿಯಾಗಿ ಓದಿ, ಬೀಸಿದರು. ನನ್ನ ಶಿಷ್ಯೆ ತನ್ನ ಅರ್ಧ ಕನ್ನಡದಲ್ಲಿ ಕೇಳಿದಳಂತೆ: "ಅಂಕಲ್, ಹೊಡೆದು ಯಾರು? ನೀವು ನಾ? ತೋ ಬಿದ್ದಿದ್ದು ಭೀ ನೀವೇ. ಟೀಚರ್ ಹಾಗೇ ಕಲಿಸಿದ್ರು."

ಮೂರು ಸರದಿ ನೆಲದ ಮೇಲೆ ಮಲಗಿದ್ದು ಬಂದ ಭಾವ ಬಾಗಿಲಿನಲ್ಲಿಯೇ ಗುಡುಗಿದರು: "ಎಂತ ಮಾರಾಯ್ತಿ! ನಿನ್ನ ವ್ಯಾಕರಣ ನನ್ನನ್ನೇ ಮಲಗಿಸಿತಲ್ಲ!"

"'ಹೊಡೆದು' ಎಂದರೆ ಹೊಡೆದವನೂ ಬಿದ್ದವನೂ ಒಬ್ಬನೇ. 'ಹೊಡೆದಾಗ' ಎಂದು ಬರೆಯಬೇಕಿತ್ತು."

"ಒಂದು 'ಆಗ'ಕ್ಕೆ ಮೂರು ಸರದಿಯಾ?"

"ಮೂರಕ್ಕೇ ಬಿಟ್ಟಳಲ್ಲ, ಪುಣ್ಯ."

ಅಡುಗೆಮನೆಯಿಂದ ಅಕ್ಕ ಕೂಗಿದಳು: "ರಾಕ್ಷಸನ್ನ ಆಮೇಲೆ ಕೊಲ್ಲೀರಂತೆ, ಮೊದಲು ಇಬ್ರೂ ಬಂದು ಬಟಾಣಿ ಬಿಡಿಸಿ!"

ಅಂದಿನಿಂದ ಪ್ರತಿ ಶನಿವಾರ ಬಟಾಣಿಯ ಬುಟ್ಟಿಯ ಪಕ್ಕದಲ್ಲಿ ಭಾವನ ನೋಟುಪುಸ್ತಕ, ಅದರ ಪಕ್ಕದಲ್ಲಿ ನನ್ನ ಕೆಂಪು ಪೆನ್ನು. ಹಳೆಯ ಮೂರನ್ನೂ ತಿದ್ದಿಯಾಯಿತು. ಹದಿಮೂರನೆಯ ಶಕ್ತಿಯವರೆಗೆ ಹೀಗೆಯೇ ನಡೆಯಿತು.

ಅಷ್ಟರಲ್ಲಿ ನಮ್ಮ ಬಿಲ್ಡಿಂಗನ್ನು ಕೆಡವಿ ಹೊಸದನ್ನು ಕಟ್ಟುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಎಲ್ಲರೂ ಬಾಡಿಗೆಮನೆ ನೋಡಿಕೊಳ್ಳಬೇಕು. ಒಂದು ದಿನ ಊಟದ ನಡುವೆ ಭಾವ ಹೇಳಿದರು: "ನಾವು ಬೊರಿವಲಿಗೆ ಹೋಗುವುದು. ಎರಡು ಕೋಣೆ, ಒಂದು ಹಾಲ್ ಉಂಟು. ನಮಗೆ ಸಾಕು."

ನಾವು! ಉತ್ತಮಪುರುಷ ಬಹುವಚನ ಸರ್ವನಾಮ. ಎಷ್ಟು ತರಗತಿಗಳಿಗೆ ಅದನ್ನು ಬಾಯಿಪಾಠ ಮಾಡಿಸಿಲ್ಲ ನಾನು! ಆದರೆ ಆ ಸರ್ವನಾಮದ ಒಳಗೆ ನಾನಿದ್ದೇನೆಯೇ, ಹೊರಗಿದ್ದೇನೆಯೇ? ಯಾವ ಸೂತ್ರವೂ ನೆರವಿಗೆ ಬರಲಿಲ್ಲ. ಒಂದು ಕೋಣೆ ಗಂಡಹೆಂಡಿರಿಗೆ, ಇನ್ನೊಂದು ರಜೆಗೆ ಪುಣೆಯಿಂದ ಬರುವ ಮಗಳಿಗೆ. ವಾಕ್ಯ ಅಲ್ಲಿಗೇ ಪೂರ್ಣವಾಗುತ್ತದೆ.

ಕೇಳಬಹುದಿತ್ತಲ್ಲ, ಎನ್ನುವಿರಿ. ಇಷ್ಟು ವರ್ಷ ಉಂಡ ಮನೆಯಲ್ಲಿ 'ನನ್ನನ್ನೂ ಕರೆದುಕೊಂಡು ಹೋಗುತ್ತೀರಾ' ಎಂದು ಯಾವ ಬಾಯಲ್ಲಿ ಕೇಳುವುದು? ಒಂಟಿ ಹೆಂಗಸಿಗೆ ಕೋಣೆ ಕೊಡುವವರು ಯಾರಾದರೂ ಇದ್ದಾರೆಯೇ ಎಂದು ಗುಟ್ಟಾಗಿ ವಿಚಾರಿಸತೊಡಗಿದೆ. ಮೂರು ವಾರ ಕಳೆದವು.

ನಾಲ್ಕನೆಯ ಶನಿವಾರ ಭಾವ ಉತ್ಸಾಹದಿಂದ ನೋಟುಪುಸ್ತಕ ಬಿಡಿಸಿದರು. ಮರುದಿನ ಎರಡು ವರ್ಷದ ಆಟದ ಕೊನೆಯ ಯುದ್ಧ. ಹದಿನಾಲ್ಕನೆಯ ಶಕ್ತಿ ಒಂದೇ ಸಾಲಿನದು: 'ನಾವು ಬೀಳುವುದಿಲ್ಲ.'

"ನಾವು ಎಂದರೆ ಯಾರು?" ಎಂದೆ. ಧ್ವನಿ ನಾನೆಣಿಸಿದ್ದಕ್ಕಿಂತ ಎತ್ತರದಲ್ಲಿ ಬಂತು. "ಎದುರಿಗೆ ಕೂತು ಕೇಳುತ್ತಿರುವವಳೂ ಸೇರಿದ್ದಾಳೆಯೋ ಇಲ್ಲವೋ? ಸ್ಪಷ್ಟವಾಗಿ ಹೇಳಲು ನಿಮಗೇನು ಕಷ್ಟ?"

"ಯಾವ ನಾವು ಮಾರಾಯ್ತಿ?"

"ಆಟದ್ದೇ. ಬೊರಿವಲಿಯದ್ದಲ್ಲ."

ಭಾವ ಬಟಾಣಿಯನ್ನು ಕೆಳಗಿಟ್ಟರು. ಬೊರಿವಲಿಯ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತಿತು.

"ನಿನ್ನ ಕನ್ನಡದ್ದು ಇದೊಂದು ಉಪದ್ರ ನೋಡು, ಟೀಚರಮ್ಮ" ಎಂದರು ಮೆಲ್ಲಗೆ. "ನಮ್ಮ ತುಳುವಿನಲ್ಲಿ 'ನಾವು' ಎರಡುಂಟು. 'ಎಂಕುಲು' ಅಂದ್ರೆ ಎದುರಿಗಿದ್ದವರನ್ನು ಬಿಟ್ಟು ನಾವು. 'ನಮ' ಅಂದ್ರೆ ಎದುರಿಗಿದ್ದವರೂ ಸೇರಿ ನಾವು. ನಾನು ಮನಸ್ಸಲ್ಲಿ 'ನಮ' ಅಂತ್ಲೇ ಹೇಳಿದ್ದು. ಕನ್ನಡಕ್ಕೆ ಬರುವಾಗ ಅರ್ಧ ಉದುರಿಹೋಯ್ತು."

ಇಪ್ಪತ್ತೊಂದು ವರ್ಷಕ್ಕೂ ಮೇಲೆ ಒಂದೇ ಸೂರಿನಡಿ ಆ ಭಾಷೆ ಕಿವಿಯ ಮೇಲೆ ಬಿದ್ದಿದ್ದರೂ, ಅದರ ಒಂದು ಸರ್ವನಾಮವನ್ನು ಕೂಡ ಕಲಿಯದ ವ್ಯಾಕರಣಪಂಡಿತೆ ನಾನು!

ಭಾವ ಆ ಸಾಲನ್ನು ಹೊಡೆದುಹಾಕಿ, ಬಟಾಣಿಯ ಬುಟ್ಟಿಯ ಮೇಲೆಯೇ ಪುಸ್ತಕವಿಟ್ಟು ಹೊಸದಾಗಿ ಬರೆದು, ನನ್ನತ್ತ ತಳ್ಳಿದರು.

'ಶಕ್ತಿ: ನಮ. ಈ ಮಾತು ಆಡಿದ ಮೇಲೆ ಎದುರಿಗಿರುವವರು ಸಹ ಯಾರೂ ಹೊರಗೆ ಉಳಿಯುವುದಿಲ್ಲ. ಬೆಲೆ: ಆಡಿದವನು ಹಾಲಿನಲ್ಲಿ ಮಲಗತಕ್ಕದ್ದು.'

"ನಿನ್ನ ಅಕ್ಕನಿಗೂ ಮಗಳಿಗೂ ಒಂದು ಕೋಣೆ. ನಿನಗೂ ನಿನ್ನ ಪುಸ್ತಕಗಳಿಗೂ ಒಂದು. ಮೊದಲೇ ಮಾತಾಡಿ ಆಗಿದೆ" ಎಂದರು.

"ಇವರ ಗೊರಕೆಗೆ ಹಾಲೇ ಸರಿ ಬಿಡೇ" ಎಂದಳು ಅಕ್ಕ, ಬಾಗಿಲಿಗೆ ಒರಗಿ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ.

ಕೆಂಪು ಪೆನ್ನಿನ ಮುಚ್ಚಳ ತೆಗೆದೆ. 'ಹಾಲಿನಲ್ಲಿ' ಎಂದರೆ ಕ್ಷೀರದಲ್ಲಿ ಎಂದೂ ಅರ್ಥವಾಗುತ್ತದೆ, 'ಹಾಲ್‌ನಲ್ಲಿ' ಎಂದಿರಬೇಕು. ಹಾಗೆಯೇ ಬಿಟ್ಟರೆ ನನ್ನ ಶಿಷ್ಯೆ ನಾಳೆ ಭಾವನ ಯೋಧನನ್ನು ಹಾಲಿನ ಕೊಪ್ಪರಿಗೆಯಲ್ಲಿ ಮಲಗಿಸದೆ ಬಿಡುವವಳಲ್ಲ.

ಆದರೆ ಅಕ್ಷರಗಳು ಯಾಕೋ ಕಲಸಿಹೋಗಿದ್ದವು. ಎಲ್ಲಿ ಗೀಟು ಹಾಕಬೇಕೆಂದೇ ಕಾಣಿಸಲಿಲ್ಲ.

"ಸರಿ ಉಂಟಾ?" ಎಂದರು ಭಾವ.

"ಸರಿ ಉಂಟು" ಎಂದೆ.